ನಲವತ್ತೊಂದು ತೇಪೆ

ಮಸ್ಕತ್ತಿನ ರೂವಿ, ಗಡಿಯಾರ ಗೋಪುರದ ಹಿಂದಿನ ಬೀದಿ,
ಮೂರನೆಯ ಮಹಡಿ, ಏಸಿಯ ನೀರು
ಬಕೆಟ್ಟಿಗೆ ಬೀಳುವ ಕೋಣೆ. ಇಲ್ಲಿ ನಾನು
ಒಂದು ಕವಲನ್ನು ಸಾಕುತ್ತೇನೆ.

ಮರದ ಕವಲಲ್ಲ, ದಾರಿಯದೂ ಅಲ್ಲ.
ಗುಟ್ಟು ಕಾಯುವ ಒಂದು ಲೈಬ್ರರಿ,
ಯಾರ್ಯಾರೋ ಎಲ್ಲೆಲ್ಲೋ ಕೂತು ಬರೆದು
ಲೋಕಕ್ಕೆಲ್ಲ ಬಿಟ್ಟಿ ಬಿಟ್ಟದ್ದು.
ಒಂಬತ್ತು ವರ್ಷದ ಹಿಂದೆ ನಮ್ಮ ಕಂಪನಿ
ಅದರಿಂದ ತನಗೊಂದು ಕಾಲುವೆ ಸೀಳಿಕೊಂಡಿತು.
ಕಾರಣ, ಹೈಮಾ ದಾರಿಯ ಪೆಟ್ರೋಲ್ ಬಂಕುಗಳಲ್ಲಿ
ಮರಳು ತಿಂದೇ ಬದುಕಿರುವ ಹಳೇ ಕಾರ್ಡ್ ಮಷೀನುಗಳು.
ಅವಕ್ಕೆ ಬರುವುದು ಒಂದೇ ಭಾಷೆ, ಮುದುಕರದು.
ಮೂಲದವರು ಅದು ಸಾಕೆಂದು ಅಳಿಸಿದರು.
ನಾವು ಅಳಿಸಲಿಲ್ಲ. ಅಳಿಸಿದ್ದರೆ
ನಾನೂರು ಕಿಲೋಮೀಟರ್ ಬಯಲಿನ ನಡುವೆ
ಟ್ಯಾಂಕು ಬರಿದಾದ ಲಾರಿಯವನಿಗೆ
ಪರದೆಯ ಮೇಲೆ ಒಂದೇ ಮಾತು: ಆಗುವುದಿಲ್ಲ.

ಹಾಗಾಗಿ ತೇಪೆ. ನಲವತ್ತೊಂದು ತೇಪೆ.
ಮೂಲ ಹೊಸದಾದಾಗೆಲ್ಲ ಒಂದೊಂದನ್ನೂ ಬಿಚ್ಚಿ
ಹೊಸ ಬಟ್ಟೆಗೆ ಹೊಂದಿಸಿ ಹೊಲಿಯಬೇಕು.
ಬಟ್ಟೆ ಪ್ರತಿ ಸಲವೂ ಬೇರೆ ಅಳತೆ.
ಹನ್ನೆರಡನೆಯದು ಯಾಕಿದೆಯೋ ಯಾರಿಗೂ ಗೊತ್ತಿಲ್ಲ,
ತೆಗೆದರೆ ಸಲಾಲಾದ ಶಾಖೆ ನಿಲ್ಲುತ್ತದೆ.
ಇಪ್ಪತ್ತೇಳನೆಯದು ಹದಿನೇಳನೆಯದರ ತಪ್ಪು ಮುಚ್ಚಲು.

ಮ್ಯಾನೇಜರ್ ಸುಲೈಮಾನ್ ಅಲ್ ಮಾಮರಿಗೆ
ಇದನ್ನೆಲ್ಲ ವಿವರಿಸಿದೆ. ಅವರು ನಕ್ಕು ಅಂದರು:
"ನಮ್ಮೂರಿನ ಫಲಜ್ ನೋಡಿದ್ದೀಯಾ? ಬೆಟ್ಟದ ಬುಡದಲ್ಲಿ ತಾಯಿಬಾವಿ.
ಅಲ್ಲಿಂದ ಹೊರಟ ನೀರು ಮೊದಲು ಕುಡಿಯಲು,
ಆಮೇಲೆ ಮಸೀದಿಗೆ, ಆಮೇಲೆ ಖರ್ಜೂರದ ತೋಟಕ್ಕೆ.
ಕವಲು ತೆಗೆದವನು ಅದರ ಹೂಳು ತಾನೇ ತೆಗೆಯಬೇಕು.
ನನ್ನಜ್ಜ ಇಳಿಯುತ್ತಿದ್ದ, ಸೊಂಟಕ್ಕೆ ಹಗ್ಗ ಕಟ್ಟಿ."
ಹೇಳಿ, ಇನ್ನೊಬ್ಬರಿಗೆ ಬಜೆಟ್ಟಿಲ್ಲ ಎಂದರು.
ಹಗ್ಗ ಹಿಡಿಯುವವರಿಲ್ಲದೆ ನಾನು ಇಳಿಯುತ್ತೇನೆ.

ಕಳೆದ ಗುರುವಾರ ರಾತ್ರಿ
ಮೂಲದಿಂದ ತುರ್ತು ಸುದ್ದಿ: ಒಂದು ತೂತು.
ಬೀಗ ಮುರಿದಿಲ್ಲ, ಬೀಗ ತಡವರಿಸುತ್ತಿದೆ.
ಕೀಲಿಯ ಹಲ್ಲು ಸರಿಬಿದ್ದಾಗ ಅದಕ್ಕೆ
ಕೂದಲೆಳೆಯಷ್ಟು ಹೆಚ್ಚು ಹೊತ್ತು ಹಿಡಿಯುತ್ತದೆ.
ಹೊರಗೆ ಕಿವಿಗೊಟ್ಟು ನಿಂತ ಕಳ್ಳ
ಆ ತಡವರಿಕೆ ಎಣಿಸಿಯೇ ಕೀಲಿ ಕೊರೆಯಬಲ್ಲ.
ಹತ್ತು ವರ್ಷದಿಂದ ಇತ್ತಂತೆ.

ಬಾಣಲೆಯಲ್ಲಿ ಮೊಟ್ಟೆ ಬಿಟ್ಟು ಬಂದು ಕೂತೆ.
ನಮ್ಮ ಕವಲಿನಲ್ಲಿ ಆ ಸಾಲು ಹುಡುಕಿದರೆ
ತೂತೇ ಇಲ್ಲ.
ಅಲ್ಲಿ ಆಗಲೇ ಒಂದು ತೇಪೆ, ಮೂವತ್ತಮೂರನೆಯದು.
ಹೊಲಿಗೆ ಎಷ್ಟು ನಯವೆಂದರೆ ನಾನೇ ಮೂರು ವರ್ಷ
ನೋಡದೆ ಬಿಚ್ಚಿ ಮತ್ತೆ ಹಾಕಿದ್ದೇನೆ.
ತಾರೀಖು ಏಳು ವರ್ಷ ಹಳೆಯದು.
ಪಕ್ಕದಲ್ಲಿ, ಇಂಗ್ಲಿಷ್ ಅಕ್ಷರದಲ್ಲಿ, ಕನ್ನಡ:
"ಇಲ್ಲಿ ಹೊತ್ತು ಸೋರುತ್ತೆ. ಮುಚ್ಚಿದೀನಿ. ಸೆ.ಕ್ರಾ."

ಸೆಲ್ವಿನ್ ಕ್ರಾಸ್ತಾ. ನನಗಿಂತ ಮೊದಲು ಈ ಕುರ್ಚಿಯವನು,
ಈಗ ಮನಾಮಾದ ಯಾವುದೋ ಬ್ಯಾಂಕಿನಲ್ಲಿ.
ಏಳು ವರ್ಷ ಊರಿನ ಬಾಗಿಲೆಲ್ಲ ತಡವರಿಸುತ್ತಿದ್ದಾಗ
ಹೈಮಾದ ಮರಳು ತಿಂದ ಮಷೀನು ಮಾತ್ರ
ತುಟಿ ಬಿಗಿದು ನಿಂತಿತ್ತು.
ಹೆಮ್ಮೆ ಬಂತು. ಅದರ ಬೆನ್ನಿಗೇ ನಾಚಿಕೆ.
ಬಿಟ್ಟಿ ನೀರು ಕುಡಿದವರು ನಾವು,
ತಾಯಿಬಾವಿಯ ಗೋಡೆ ಬಿರಿದದ್ದು ಕಂಡವರು,
ನಮ್ಮ ಪಾಲಿನ ಬಿರುಕಷ್ಟೇ ಮೆತ್ತಿ
ಮೇಲಕ್ಕೊಂದು ಕೂಗು ಹಾಕದೆ ಕೂತವರು.

ಅಪರಾತ್ರಿಯಲ್ಲೇ ಅವನನ್ನು ಕೇಳಿದೆ.
ಉತ್ತರ ತಕ್ಷಣ ಬಂತು, ಅವನೂ ಎಚ್ಚರ:
"ಕಳಿಸ್ತೀನಿ ಅಂದೆ. ಲೀಗಲ್‌ನವರು ಬೇಡ ಅಂದ್ರು.
ಎರಡು ಸಲ ಕೇಳಿದೆ. ಮೂರನೇ ಸಲ ಕೇಳ್ಬೇಕಿತ್ತು."

ಭಾನುವಾರ, ಇಲ್ಲಿ ವಾರದ ಮೊದಲ ದಿನ,
ಮೂವತ್ತಮೂರನ್ನು ಬಿಚ್ಚಿದೆ. ಮೂಲವೇ ಈಗ ಹೊಲಿದುಕೊಂಡಿದೆ.
ನಲವತ್ತು ಉಳಿದವು.
ಅದರಲ್ಲಿ ಮೂವತ್ತೊಂಬತ್ತನೆಯದು ನನ್ನದು,
ಬೇರೆ ಯಾರೂ ಇನ್ನೂ ಕಾಣದ ಒಂದು ಬಿರುಕಿನ ಮೇಲೆ.
ಅದನ್ನು ಕಾಗದಕ್ಕಿಳಿಸಿ ಸುಲೈಮಾನರ ಮೇಜಿನ ಮೇಲಿಟ್ಟೆ.
"ಮೇಲೆ ಕಳಿಸಬೇಕು. ಮೂರನೇ ಸಲ ಕೇಳುತ್ತಿದ್ದೇನೆ."
"ಮೊದಲೆರಡು ಸಲ ಯಾವಾಗ ಕೇಳಿದೆ?" ಅಂದರು.

ಕುರ್ಚಿ ಎಳೆದು ಕೂತೆ.