ಕೆಂಪು ತೆಗೆದ ಮೇಲೆ

ಹಫೂಫಿನ ನಮ್ಮ ಲ್ಯಾಬಿಗೆ ಬರುವುದೆಲ್ಲ
ಖರ್ಜೂರದ ತೋಟಗಳ ಬೂದು ಮಣ್ಣು.
ಲಿಗೋರಿ ಮಾತ್ರ ಹಾರ್ಲಿಕ್ಸ್ ಬಾಟಲಿಯಲ್ಲಿ ಕೆಂಪು ತಂದ:
ಕಿನ್ನಿಗೋಳಿಯ ಬೈಲುಗದ್ದೆ, ಅಕ್ಕ ತುಂಬಿಸಿ ಕೊಟ್ಟದ್ದು.
ನಾಟಿಯಾಗಿ ಮೂರು ವಾರಕ್ಕೆ ಎಲೆಗೆ ತುಕ್ಕು ಹಿಡಿಯುತ್ತದಂತೆ.
“ಸತು ಇಲ್ಲವೋ ಏನೋ, ನೋಡು ಮಾರಾಯ.”

ರಾತ್ರಿ ಪಾಳಿಯಲ್ಲಿ ನೋಡಿದೆ,
ರಿಜಿಸ್ಟರಿನಲ್ಲಿ ಬರೆಯದ ಸ್ಯಾಂಪಲ್ಲು.
ಮೊದಲು ಉಪ್ಪುನೀರಿನಲ್ಲಿ ಮೆಲ್ಲಗೆ ಕೇಳಬೇಕು.
ಬಂದದ್ದು ಚಿಟಿಕೆಯ ನೆರಳು.
ಕೊಳೆತ ಬೇರು ಹಿಡಿದಿಟ್ಟದ್ದು ಇನ್ನು ಚೂರು,
ಮ್ಯಾಂಗನೀಸಿನ ಕಪ್ಪು ಪೊರೆ ಕರಗಿಸಿದರೆ ತುಸು.
ಆಮೇಲೆ ಕಬ್ಬಿಣ:
ಬಿಸಿ ಮಾಡಿ, ಕುಲುಕಿ, ಮತ್ತೆ ಬಿಸಿ ಮಾಡಿ
ಬೆಳಗಿನ ಬಾಂಗಿನವರೆಗೆ ಬಿಡಿಸಿಕೊಂಡೆ.
ಉಳಿದದ್ದು ಕಲ್ಲಿನ ಹೊಟ್ಟೆಯೊಳಗೆ,
ಯಾವ ಬೇರಿಗೂ ಎಟುಕದಲ್ಲಿ.

“ಇದೆ” ಅಂದೆ. “ಕಿಲೋಗೆ ಎಂಬತ್ತು ಮಿಲಿಗ್ರಾಂ.
ಪೈರಿನ ಬಾಯಿಗೆ ಅರ್ಧವೂ ಇಲ್ಲ.
ಹುಳಿ ಮಣ್ಣಿನಲ್ಲಿ ಸಡಿಲವಾಗಿಯೇ ಇರುತ್ತದೆ, ಮಳೆ ತೊಳೆದೊಯ್ಯುತ್ತದೆ;
ಗದ್ದೆಯಲ್ಲಿ ನೀರು ನಿಂತು ಹುಳಿ ಇಳಿದರೆ
ಮಿಕ್ಕದ್ದೂ ಅಡಗಿ ಕೂರುತ್ತದೆ.”

ಲಿಗೋರಿ ನಕ್ಕ: “ನನ್ನ ಪಾಸ್‌ಪೋರ್ಟಿನ ಹಾಗೆ.
ಕಫೀಲನ ಕಪಾಟಿನಲ್ಲಿದೆ. ಇಲ್ಲ ಅನ್ನುವ ಹಾಗಿಲ್ಲ.”

ಟ್ರಕ್ಕಿನ ಎಂಜಿನ್ ಆರಿಸದೆಯೇ ಅಕ್ಕನಿಗೆ ವಾಯ್ಸ್ ಕಳಿಸಿದ:
ಈ ಸಲ ನೇಜಿಯ ಬೇರನ್ನು ಸತುವಿನ ಬಿಳಿ ಗಂಜಿಯಲ್ಲಿ ಅದ್ದಿ ನೆಡು,
ಹೇಗೆಂದು ಕೃಷಿ ಆಫೀಸಿನಲ್ಲಿ ಕೇಳು,
ನಾಚಬೇಡ.

ಮತ್ತೆ ನನ್ನತ್ತ ತಿರುಗಿ: “ಮಣ್ಣು ಕೊಡು ವಾಪಸ್ಸು.”
ಬಾಟಲಿ ಖಾಲಿ. ಟ್ಯೂಬಿನ ತಳದಲ್ಲಿ ಉಳಿದದ್ದು ತೋರಿಸಿದೆ.
ಕಬ್ಬಿಣ ಹೋದ ಮೇಲೆ ಅದೂ ಬೂದು,
ಇಲ್ಲಿಯದೇ ಅನ್ನಿಸುವಷ್ಟು.
ಬೆಳಕಿಗೆ ಹಿಡಿದ, ತಿರುಗಿಸಿದ, ಮೂಸಿದ.
“ಇದು ನಮ್ಮದಲ್ಲ” ಅಂದ.
ಅಂದು, ಜೇಬಿಗೆ ಹಾಕಿಕೊಂಡ.