ಗೂಡ್ಸ್ ಡಬ್ಬಿಯ ಮಾಡು

ಸಿಕ್ಕ ಮೂರು ಫೋಟೋಗಳೂ ಪಕ್ಕದಿಂದ ತೆಗೆದವು.
ಪ್ಲಾಟ್‌ಫಾರ್ಮಿನಲ್ಲಿ ನಿಂತವನಿಗೆ
ಬಾಗಿಲು ಕಾಣುತ್ತದೆ, ಕೊಂಡಿ ಕಾಣುತ್ತದೆ,
ಬಿಳಿಯಲ್ಲಿ ಬರೆದ ನಂಬರು,
ಚಕ್ರದ ನೆರಳಲ್ಲಿ ಮಲಗಿದ ನಾಯಿ ಕೂಡ.
ಮಾಡು ಮಾತ್ರ ಒಂದು ಗೆರೆ,
ಆಕಾಶ ಶುರುವಾಗುವ ಜಾಗ.

ನಾನು ಭದ್ರಾವತಿ ಕಾರ್ಖಾನೆಯ ಪ್ಯಾಟರ್ನ್ ಶಾಪಿನವನು.
ಮೂವತ್ತೊಂದು ವರ್ಷ ಮರದಲ್ಲಿ ಕೆತ್ತಿದ್ದೆಲ್ಲ
ಕಬ್ಬಿಣ ಬಂದು ಕೂರಬೇಕಾದ ಆಕಾರ.
ಎರಕ ಆರಿದರೆ ಅಡಿಗಿಷ್ಟು ಎಂದು ಕುಗ್ಗುತ್ತದೆ,
ಅದಕ್ಕೇ ನಮ್ಮ ಅಡಿಪಟ್ಟಿ ಊರಿನದಕ್ಕಿಂತ ತುಸು ಉದ್ದ.
ಅದರಲ್ಲೇ ಅಳೆದು ಮನೆಗೊಂದು ಮಂಚ ಮಾಡಿ
ಎರಡು ಗೋಡೆಯ ನಡುವೆ ಹಿಡಿಸದೆ
ಬೈಸಿಕೊಂಡವನು.

ಈಗ ಅಡಿಗೆ ಅರ್ಧ ಅಂಗುಲದ ಲೆಕ್ಕ.
ತರೀಕೆರೆಯಿಂದ ಕಾಡೊಳಗೆ ಹೋಗುತ್ತಿದ್ದ ಎರಡಡಿ ಹಳಿ
ನನ್ನ ಮೇಜಿನ ಮೇಲೆ ಒಂದೇ ಅಂಗುಲ.
ಐಸ್‌ಕ್ರೀಂ ಕಡ್ಡಿ ಸೀಳಿ ಗೋಡೆ ಎಬ್ಬಿಸಿದೆ.
ಚಕ್ರ ತಿರುಗುತ್ತವೆ.
ಹಲಸಿನ ಚೂರಿನ ಆರು ಬಾಗು ತೊಲೆ
ತಿಂದಿಟ್ಟ ಮೀನಿನ ಮುಳ್ಳಿನ ಹಾಗೆ ನಿಂತಿವೆ.
ಆಮೇಲೆ? ಹಲಗೆ ಉದ್ದಕ್ಕೋ, ಅಡ್ಡಕ್ಕೋ?
ಮೇಲೆ ಟಾರು ಬಳಿದ ಕ್ಯಾನ್ವಾಸೋ, ತಗಡೋ?

"ಮಾಡು ಬಿಟ್ಟು ಮಿಕ್ಕಿದ್ದು ಮಾಡು,
ಮೇಲಿಂದ ಯಾರು ನೋಡ್ತಾರೆ?" ಎಂದ ಅರುಳಪ್ಪ,
ಒಂದೇ ಶಿಫ್ಟಿನ ಗೆಳೆಯ.
ಮೇಜಿನ ಮೇಲಿಟ್ಟದ್ದನ್ನು
ಎಲ್ಲರೂ ಮೇಲಿಂದಲೇ ಅಲ್ಲವೇ ನೋಡುವುದು!

ದೇವೀರಮ್ಮನನ್ನು ಹುಡುಕಿಕೊಟ್ಟವನೂ ಅವನೇ.
ಗ್ಯಾಂಗ್‌ಮನ್ನನ ಮಗಳು. ಈಗ ಹಳೇನಗರದ ಗಿರಣಿ ಪಕ್ಕ ಮನೆ.
ಕೇಳಿದ ಕೂಡಲೇ ನಕ್ಕಳು:
"ಅಯ್ಯೋ, ಆ ಡಬ್ಬಿ ಮ್ಯಾಲೆ ಸಂಡಿಗೆ ಒಣಗಿಸ್ತಿದ್ವಲ್ಲ!"

ಆಕ್ಸಲ್ ಕಾದು ಹೋಗಿ
ಸೈಡಿಂಗಿನಲ್ಲಿ ಬಿಟ್ಟುಹೋದ ಡಬ್ಬಿಯಂತೆ,
ಒಂದು ಬೇಸಗೆ ಪೂರ್ತಿ ಅಲ್ಲೇ.
ಅವ್ವ ಕೆಳಗಿಂದ ಹಿಟ್ಟಿನ ಪಾತ್ರೆ ಎತ್ತಿ ಕೊಡುವಳು,
ಹತ್ತು ವರ್ಷದ ಇವಳು ಮೂಲೆಯ ಕಂಬಿ ಹಿಡಿದು ಮೇಲೆ.
ತಗಡೇ. ಟಾರಾಗಿದ್ದರೆ ಹಾಸಿದ ಪಂಚೆ ಅಂಟುತ್ತಿತ್ತು.
ನಡುವೆ ಉದ್ದಕ್ಕೆ ಒಂದೇ ಹಲಗೆ, ಬ್ರೇಕಿನವನು ನಡೆಯಲಿಕ್ಕೆ.
ಅಡ್ಡಡ್ಡ ಮಡಿಕೆ,
ಕರಿಗಡುಬಿನ ಅಂಚು ಮಡಿಸಿ ಒತ್ತಿದ ಹಾಗೆ.
ಮಡಿಕೆಯಿಂದ ಮಡಿಕೆಗೆ ಮೂರು ಗೇಣು.
"ಒಂದು ಮನೀಗೆ ಹದಿನೆಂಟು ಸಂಡಿಗೆ. ಒಂದು ಕಮ್ಮಿಯಾದ್ರೆ
ಕಾಗೆ ತಿಂತು ಅಂದ್ರೂ ಅವ್ವ ನಂಬ್ತಿರಲಿಲ್ಲ."

ಗೇಣು ತೋರಿಸಲು ಕೈ ಚಾಚಿದಳು.
ಬೆರಳ ಗಂಟುಗಳು ಸೊಟ್ಟಗಾಗಿವೆ.
ಇಷ್ಟೇನಾ ಎಂದೆ.
"ಈ ಗೇಣಲ್ಲ. ಆವತ್ತಿನ ಗೇಣು."

ಇದಕ್ಕೆ ಯಾವ ಅಡಿಪಟ್ಟಿ?

ಪಕ್ಕದ ಮನೆಯ ಐದನೇ ಕ್ಲಾಸಿನ ಶಮಾಳನ್ನು ಕರೆದು
ಹಳೇ ಡ್ರಾಯಿಂಗಿನ ಬೆನ್ನ ಮೇಲೆ ಅಂಗೈ ಊರಿಸಿ
ಹೆಬ್ಬೆರಳಿಂದ ಕಿರುಬೆರಳಿಗೆ ಪೆನ್ಸಿಲ್ ಎಳೆದೆ.
ಆರೂವರೆ ಅಂಗುಲ. ಮೂರು ಗೇಣಿಗೆ ಹತ್ತೊಂಬತ್ತೂವರೆ.
ಹದಿನಾರಡಿ ಡಬ್ಬಿಗೆ ಹತ್ತು ಮನೆ ಹಾಕಿದರೆ
ಮೂರಂಗುಲ ಹೆಚ್ಚಿಗೆ ಉಳಿಯಿತು.
ಬೇಜಾರಾಗಿ ಚಹಾ ಕುಡಿಯುವಾಗ ಹೊಳೆಯಿತು,
ಈ ತುದಿಗೆ ಒಂದೂವರೆ, ಆ ತುದಿಗೆ ಒಂದೂವರೆ:
ಸೂರು.

ಮಂಡಿನೋವಿನ ಮುಲಾಮಿನ ಟ್ಯೂಬುಗಳನ್ನು ಸೀಳಿ,
ತೊಳೆದು, ಬಾಟಲಿ ಉರುಳಿಸಿ ಸಪಾಟು ಮಾಡಿ,
ಬ್ಲೇಡಿನ ಅಂಚಿನಲ್ಲಿ ಮಡಿಕೆ ಎಬ್ಬಿಸಿದೆ.
ಹನ್ನೊಂದು ದಿನ. ಕೋಣೆ ತುಂಬ ಕರ್ಪೂರದ ವಾಸನೆ.

ಚಪ್ಪಲಿ ಪೆಟ್ಟಿಗೆಯಲ್ಲಿಟ್ಟು ಒಯ್ದೆ.
ಅವಳು ಮಡಿಕೆ ಹೊಗಳಲಿಲ್ಲ,
ತುಟಿ ಅಲ್ಲಾಡಿಸುತ್ತ ಹತ್ತರವರೆಗೆ ಎಣಿಸಿದಳು.
ಆಮೇಲೆ ಲೋಟಕ್ಕೆ ಬೆರಳದ್ದಿ
ಹಿಟ್ಟಿಗೆ ಚಿಮುಕಿಸುವಂತೆ ನೀರು ಚಿಮುಕಿಸಿದಳು.
ನನ್ನ ಎದೆ ಧಸಕ್ಕೆಂದಿತು.
ಹನಿಗಳು ನಿಂತವು, ನಡುಗಿದವು,
ಮಡಿಕೆ ಗುಂಟ ಜಾರಿ ಸೂರಿಂದ ಇಳಿದವು.

ಡಬ್ಬಿಯನ್ನೆತ್ತಿ ಬಾಗಿಲ ಸಂದಿಯಲ್ಲಿ ಕಣ್ಣಿಟ್ಟಳು.
ಕಿರುಬೆರಳು ಒಳಗೆ ತೂರಿಸಿ ತೆಗೆದಳು.
ಬೆರಳ ತುದಿ ಒದ್ದೆ.

"ಸೋರ್ತದೆ," ಎಂದಳು.
"ಹೂಂ. ಇದೇ ಡಬ್ಬಿ."