ನೀಲಿ ಬಕೆಟ್ಟು

ಹಸುವಿನ ಕೆಚ್ಚಲಿಗೆ ಹಚ್ಚುವ ಮದ್ದು ತುಂಬಿ ಬಂದಿದ್ದ
ನೀಲಿ ಬಕೆಟ್ಟು. ಮೂರು ಸಲ ತೊಳೆದರೂ ಅಯೋಡಿನ್ ವಾಸನೆ.
ನೋಲೀನ್ ಅದನ್ನು ಬೋರಲು ಹಾಕಿ, ಮಂಡಿಯಲ್ಲಿ ಒತ್ತಿ,
ತಳಕ್ಕೆ ಡ್ರಿಲ್ ಇಟ್ಟಳು.
ಸುರುಳಿ ಸುರುಳಿ ಪ್ಲಾಸ್ಟಿಕ್
ನಾಯಿಯ ಮೀಸೆಗೆಲ್ಲ ಅಂಟಿತು.

ಇನ್ನೂರು ತೂತಾದ ಮೇಲೆ ಎಣಿಕೆ ತಪ್ಪಿತು.

ಒಟಾಗೊದಲ್ಲಿ ಆ್ಯರೋ ಹೊಳೆಯೂ ಕೊರೆಯುತ್ತದೆ,
ಮೊಣಕಾಲಿನ ತನಕ.
ಒಂದು ಸಲಿಕೆ ಜಲ್ಲಿ. ಕುಲುಕು. ಇನ್ನೂ ಕುಲುಕು.
ಸಣ್ಣದೆಲ್ಲ ಕೆಳಗಿನ ತಟ್ಟೆಗೆ.
ಅಲ್ಲಿ ಕರಿಮರಳು, ಅದರಂಚಿಗೆ
ಕಣ್ಣು ಕಿರಿದು ಮಾಡಿದರೆ ಎರಡು ಮಿಣುಕು.

"ಮೇಲಿನದು ಬರೀ ಕಲ್ಲು, ಎಸಿ ಅಜ್ಜಿ," ಅಂತಾನೆ ವಿರೆಮು.

ಒಮ್ಮೆಲೇ ಎಸೆಯುವುದಿಲ್ಲ ಅವಳು.
ಒಂದೊಂದನ್ನೇ ಮಗುಚಿ, ಒದ್ದೆ ಹೆಬ್ಬೆರಳಲ್ಲಿ ಉಜ್ಜಿ
ನೋಡುತ್ತಾಳೆ.
ತೂತು ಕೊರೆದವಳಿಗೆ ಗೊತ್ತು:
ತೂತಿಗಿಂತ ದೊಡ್ಡದು ಬಂದರೆ
ಜರಡಿ ಅದನ್ನೂ ಕಲ್ಲೆಂದೇ ತಿಳಿಯುತ್ತದೆ.